ನೀರು ಎಲ್ಲಿ ಹೋಯ್ತು? ಸಿಪಾನಿ ಡಾಲ್ಫಿನ್ ಮತ್ತು ಒಂದು ಸೋರಿಕೆಯ ಇತಿಹಾಸ

ಬೀದರದಿಂದ ಮಾತಾಡ್ತಿದ್ದೇನೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತಿದ್ದರೆ ಕಿಟಕಿ ಪಕ್ಕ ಸರಿದುಕೊಳ್ಳಿ, ಕತೆ ಸ್ವಲ್ಪ ಉದ್ದ ಇದೆ.

ಮಿಸ್ಟರ್ ಬೀನ್ ನೋಡದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅದರಲ್ಲಿ ಒಂದು ತಿಳಿನೀಲಿ ಬಣ್ಣದ ಮೂರು ಚಕ್ರದ ವ್ಯಾನ್ ಬರುತ್ತಲ್ಲ, ಬೀನ್ ಪ್ರತಿ ಸಲ ಅದನ್ನು ಉರುಳಿಸಿ ಹೋಗ್ತಾನಲ್ಲ, ಅದು ರಿಲಯಂಟ್ ರೀಗಲ್. ಇಂಗ್ಲೆಂಡಿನ ಟ್ಯಾಮ್‌ವರ್ತ್ ಅನ್ನೋ ಊರಿನ ರಿಲಯಂಟ್ ಕಂಪನಿಯ ಗಾಡಿ. ಆ ಉರುಳುವ ವ್ಯಾನಿನ ಎಂಜಿನ್ನಿನ ತಮ್ಮ ನಮ್ಮ ಬೆಂಗಳೂರಿಗೆ ಬಂದ, ಕಾರಾದ, ರ‍್ಯಾಲಿ ಓಡಿದ. ಅವನ ಒಂದು ಪ್ರತಿ ಇವತ್ತಿಗೂ ಭಾಲ್ಕಿ ತಾಲ್ಲೂಕಿನ ಒಂದು ಅಂಗಳದಲ್ಲಿ ನಿಂತಿದೆ. ಕಾರಿನ ಹೆಸರು ಸಿಪಾನಿ ಡಾಲ್ಫಿನ್.

ಆ ಕಾರಿನ ಯಜಮಾನರು ನಿವೃತ್ತ ಮಾಸ್ತರರು, ನಮ್ಮ ಮನೆಗೆ ಬೇಕಾದವರು. ನಾನು ಕಾಕಾ ಅಂತ ಕರೀತೀನಿ. ಹೋದ ಬೇಸಿಗೆಯಲ್ಲಿ ಅವರು ಅದನ್ನು ಭಂಗಾರಕ್ಕೆ ಹಾಕೋಕೆ ತಯಾರಾಗಿದ್ದರು. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಮಹಾಪ್ರಾಣ ಒಂದು ತಪ್ಪಿದರೆ ಬಂಗಾರ! ಕಾರಣ ಏನು ಅಂದ್ರೆ ಬೀದರದಿಂದ ಭಾಲ್ಕಿಗೆ ಒಂದು ಸಲ ಹೋಗಿ ಬಂದರೆ ಅರ್ಧ ಲೀಟರ್ ನೀರು ಮಾಯ. ಕೆಳಗೆ ನೋಡಿದರೆ ನೆಲ ಒಣ. ಊರಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ನೋಡಿ, ಇದರ ಸಾಮಾನು ಸಿಗಲ್ಲ, ಮಾರಿಬಿಡ್ರಿ ಅಂದಿದ್ದರು. ಸಾಮಾನು ಸಿಗಲ್ಲ ಅನ್ನೋದು ಮುಕ್ಕಾಲು ನಿಜ. ಹಾಗಾಗಿ ಈ ಕಾರಿನಲ್ಲಿ ಸೋರಿಕೆ ಸಣ್ಣ ಕಾಯಿಲೆ ಅಲ್ಲ. ಒಮ್ಮೆ ಎಂಜಿನ್ ಕಾದು ಬಾಗಿತು ಅಂದ್ರೆ ಇನ್ನೊಂದು ಎಂಜಿನ್ ತರೋ ಅಂಗಡಿ ಇಡೀ ದೇಶದಲ್ಲಿ ಹುಡುಕಬೇಕು.

ಮೊದಲು ಈ ಕಾರು ಎಲ್ಲಿಂದ ಬಂತು ಅಂತ ನೋಡೋಣ. ಸೋರಿಕೆಯ ಅರ್ಧ ಉತ್ತರ ಅಲ್ಲೇ ಇದೆ.

1974ರಲ್ಲಿ ಬೆಂಗಳೂರಿನಲ್ಲಿ ಸನ್‌ರೈಸ್ ಅನ್ನೋ ಹೆಸರಿನಲ್ಲಿ ಒಂದು ಸಣ್ಣ ಕಾರ್ ಕಂಪನಿ ಶುರುವಾಯಿತು. ಮುಂದೆ ಅದೇ ಸಿಪಾನಿ ಆಟೋಮೊಬೈಲ್ಸ್. ಆಗ ದೇಶದ ರಸ್ತೆ ಮೇಲೆ ಅಂಬಾಸಿಡರ್, ಪ್ರೀಮಿಯರ್ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಲೈಸೆನ್ಸ್ ಇಲ್ಲದೆ ಕಾರ್ಖಾನೆ ಇಲ್ಲ, ವಿದೇಶಿ ವಿನಿಮಯ ಇಲ್ಲದೆ ಯಂತ್ರ ಇಲ್ಲ. ಉಕ್ಕಿನ ತಗಡು ಒತ್ತಿ ಕಾರಿನ ಮೈ ಮಾಡಬೇಕಾದರೆ ಬೃಹತ್ ಪ್ರೆಸ್ಸು, ಅಚ್ಚು ಬೇಕು, ಅದರ ಖರ್ಚು ಸಣ್ಣ ಕಂಪನಿ ಹೊರೋದಲ್ಲ. ಫೈಬರ್‌ಗ್ಲಾಸ್ ಆದರೆ ಕೈಯಲ್ಲೇ ಅಚ್ಚಿನ ಮೇಲೆ ಹಾಳೆ ಹಾಸಿ, ರಾಳ ಬಳಿದು ಮೈ ಎತ್ತಬಹುದು. ಸನ್‌ರೈಸ್‌ನವರ ಮೊದಲ ಗಾಡಿ ಬಾದಲ್ ಹಾಗೇ ಹುಟ್ಟಿದ್ದು. ಮೂರು ಚಕ್ರ, ಫೈಬರ್ ಮೈ, 198 ಸಿಸಿ ಎಂಜಿನ್. ಹಳೇ ಫೋಟೋ ಹುಡುಕಿ ನೋಡಿ, ನಗು ಬರುತ್ತೆ. ಆದರೆ ಆ ಕಾಲಕ್ಕೆ ಅದು ಧೈರ್ಯದ ಕೆಲಸ.

ಅತ್ತ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಗೆ ಇದೇ ವಿದ್ಯೆ ಚೆನ್ನಾಗಿ ಗೊತ್ತಿತ್ತು. ದೊಡ್ಡ ಪ್ರೆಸ್ಸು ಇಲ್ಲದ ದೇಶಗಳಿಗೆ ಫೈಬರ್ ಕಾರಿನ ವಿದ್ಯೆ ಮಾರೋದೇ ಅವರ ಒಂದು ವ್ಯಾಪಾರ ಆಗಿತ್ತು. ಇಸ್ರೇಲಿನ ಹೈಫಾದಲ್ಲಿ ಸುಸಿತಾ, ಸಾಬ್ರಾ ಅನ್ನೋ ಗಾಡಿಗಳ ಹಿಂದೆ ಅವರಿದ್ದರು. ಸಾಬ್ರಾ ಸ್ಪೋರ್ಟ್ಸ್ ಕಾರು, ಆಮೇಲೆ ರಿಲಯಂಟ್ ತಾನೇ ಅದನ್ನು ಸೇಬರ್ ಅಂತ ಮಾರಿತು. 1966ರಲ್ಲಿ ತುರ್ಕಿಯಲ್ಲಿ ಅನಡೋಲ್ ಶುರುವಾದಾಗಲೂ ವಿನ್ಯಾಸ ರಿಲಯಂಟ್‌ದೇ. ಹೊಲದ ಬದಿ ನಿಲ್ಲಿಸಿದ ಅನಡೋಲನ್ನು ಎತ್ತು, ಮೇಕೆ ತಿಂದು ಹಾಕಿದವು ಅನ್ನೋ ಗಾಳಿಸುದ್ದಿ ತುರ್ಕಿಯಲ್ಲಿ ಇವತ್ತಿಗೂ ಇದೆ. ಕಾಕಾ ಅವರ ಕಾರಿನ ಪಕ್ಕದಲ್ಲಿ ಎರಡು ಎಮ್ಮೆ ಕಟ್ಟಿರುತ್ತವೆ. ಇಲ್ಲಿತನಕ ಬಾಯಿ ಹಾಕಿಲ್ಲ.

ರಿಲಯಂಟ್ 1975ರಲ್ಲಿ ಕಿಟನ್ ಅನ್ನೋ ನಾಲ್ಕು ಚಕ್ರದ ಪುಟ್ಟ ಕಾರು ಬಿಟ್ಟಿತ್ತು. 1982ರಲ್ಲಿ ಅಲ್ಲಿ ಅದು ನಿಂತಿತು. ಅದೇ ವರ್ಷ ಇಲ್ಲಿ ಅದರ ರೂಪದಲ್ಲೇ ಸಿಪಾನಿ ಡಾಲ್ಫಿನ್ ಬಂತು. ಫೈಬರ್ ಮೈ, ಎರಡು ಬಾಗಿಲು, ಮುಂದೆ 848 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಓಡೋದು ಹಿಂದಿನ ಚಕ್ರ.

ಇದು ಸ್ಪೋರ್ಟ್ಸ್ ಕಾರೇ ಅಂತ ಕೇಳಬಹುದು. ಕಾಗದದ ಮೇಲೆ ಅಲ್ಲ, ಮಧ್ಯಮ ವರ್ಗದ ಸಣ್ಣ ಕುಟುಂಬಕ್ಕೆ ಅಂತ ಮಾಡಿದ್ದು. ಆದರೆ ಮೈ ಹಗುರ, ಎಂಜಿನ್ ಹಗುರ, ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ ತಿರುಗಿಸಬಹುದು. ಇದು ಸಿಕ್ಕಿದ ಮೇಲೆ ಹುಡುಗರು ಸುಮ್ಮನೆ ಬಿಡ್ತಾರಾ? ಎಂಬತ್ತರ ದಶಕದ ರ‍್ಯಾಲಿ, ರೇಸುಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಅಂಬಾಸಿಡರ್ ಕಾಲದ ದೇಶದಲ್ಲಿ ಇಷ್ಟು ಹಗುರ ಕಾರು ಸಿಗೋದೇ ಅಪರೂಪ. ನನ್ನ ಲೆಕ್ಕದಲ್ಲಿ ಕಂಪನಿ ಮಾಡಿದ್ದು ಸಂಸಾರದ ಕಾರು, ಓಡಿಸಿದವರು ಅದನ್ನು ಸ್ಪೋರ್ಟ್ಸ್ ಕಾರು ಮಾಡಿದರು.

ಪಾಪ, ಕಾಲ ಮಾತ್ರ ಕೈ ಕೊಟ್ಟಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿ, ಉಕ್ಕಿನ ಮೈ, ನಾಲ್ಕು ಬಾಗಿಲು, ಹಿಂದೆ ಸುಜುಕಿಯ ಬಲ. ನಮ್ಮ ಜನಕ್ಕೆ ಅತ್ತೆಯವರನ್ನು ಹಿಂದಿನ ಸೀಟಿಗೆ ಹತ್ತಿಸೋಕೆ ಹಿಂದೆಯೇ ಬಾಗಿಲು ಬೇಕು. ಸಿಪಾನಿಯವರೂ ಆಮೇಲೆ ನಾಲ್ಕು ಬಾಗಿಲಿನ ಮಾಂಟಾನಾ ತಂದರು, ರೋವರ್ ಮಾಂಟೆಗೊ ಜೋಡಿಸಿ ನೋಡಿದರು. ತೊಂಬತ್ತರ ದಶಕ ಮುಗಿಯೋದರೊಳಗೆ ಕಾರಿನ ಕತೆ ಮುಗಿದಿತ್ತು. ಮೂವತ್ತು ವರ್ಷದ ಹಿಂದೆ ಬಾಗಿಲು ಹಾಕಿದ ಕಂಪನಿಯ ಸರ್ವಿಸ್ ಸೆಂಟರ್ ಬೀದರದಲ್ಲಿ ಹುಡುಕೋದು ಬೇಡ.

ಈಗ ಎಂಜಿನ್ನಿಗೆ ಬರೋಣ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ.

1962ರ ತನಕ ರಿಲಯಂಟ್ ತನ್ನ ಗಾಡಿಗಳಿಗೆ ಹಳೇ ಆಸ್ಟಿನ್ ಸೆವೆನ್ ಮಾದರಿಯ ಎರಕದ ಕಬ್ಬಿಣದ ಎಂಜಿನ್ ಹಾಕ್ತಿತ್ತು. ಆ ವರ್ಷ ತನ್ನದೇ ಹೊಸ ಎಂಜಿನ್ ತಂತು. 598 ಸಿಸಿ, ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಬ್ರಿಟನ್ನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ತಿ ಅಲ್ಯೂಮಿನಿಯಂ ಕಾರ್ ಎಂಜಿನ್ ಅದು. ಮೂರು ಚಕ್ರದ ಗಾಡಿಗೆ ತೂಕದ ಮಿತಿ ಇತ್ತು, ಮೋಟಾರ್ ಸೈಕಲ್ ಲೈಸೆನ್ಸಿನಲ್ಲಿ ಓಡಿಸಬೇಕಾದರೆ ಗಾಡಿ ಹಗುರ ಇರಲೇಬೇಕು. ಅದಕ್ಕೇ ಅಲ್ಯೂಮಿನಿಯಂ. ವರ್ಷ ಕಳೆದ ಹಾಗೆ ಅದೇ ಎಂಜಿನ್ ಬೆಳೆದು 848 ಸಿಸಿ ಆಯಿತು. ಅದೇ ನಮ್ಮ ಡಾಲ್ಫಿನ್ನಿನ ಹೊಟ್ಟೆಯಲ್ಲಿರೋದು.

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಪಿಸ್ಟನ್ ಅದರ ಮೇಲೇ ಉಜ್ಜಿದರೆ ಸವೆದು ಹೋಗುತ್ತೆ. ಅದಕ್ಕೆ ಒಳಗೆ ಎರಕದ ಕಬ್ಬಿಣದ ನಾಲ್ಕು ಕೊಳವೆ ನಿಲ್ಲಿಸಿದ್ದಾರೆ. ಇವಕ್ಕೆ ಲೈನರ್ ಅಂತಾರೆ. ಈ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತೆ. ಬುಡದಲ್ಲಿ ತೆಳ್ಳನೆ ಸೀಲ್, ನೆತ್ತಿಯಲ್ಲಿ ಹೆಡ್ ಗ್ಯಾಸ್ಕೆಟ್. ನೀರನ್ನು ತಡೆದು ನಿಲ್ಲಿಸಿರೋದು ಇವೆರಡೇ. ಇನ್ನೊಂದು ಮಾತು: ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತೆ. ಪ್ರತಿ ಸಲ ಕಾರು ಚಾಲೂ ಮಾಡಿ ಆರಿಸಿದಾಗ ಒಂದು ಲೋಹ ಹೆಚ್ಚು ಹಿಗ್ಗಿ ಕುಗ್ಗುತ್ತೆ, ಇನ್ನೊಂದು ಕಮ್ಮಿ. ನಡುವೆ ಇರೋ ಗ್ಯಾಸ್ಕೆಟ್ಟಿಗೆ ನಲವತ್ತು ವರ್ಷ ಇದೇ ಕೆಲಸ.

ಇನ್ನು ಬೀದರದವರಿಗೆ ಒಂದು ಹೋಲಿಕೆ ಕೊಡ್ತೀನಿ. ಬಿದರಿ ಕೆಲಸ ನೋಡೀರಿ ಅಲ್ಲ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚುತ್ತಾರೆ. ಆ ನೀರು ಸತುವಿನ ಲೋಹವನ್ನು ಕಪ್ಪು ಮಾಡುತ್ತೆ, ಬೆಳ್ಳಿಯನ್ನು ಮುಟ್ಟೋದಿಲ್ಲ. ಒಂದೇ ದ್ರವ, ಎರಡು ಲೋಹ, ಒಂದಕ್ಕೆ ಕಚ್ಚುತ್ತೆ, ಒಂದನ್ನು ಬಿಡುತ್ತೆ. ಡಾಲ್ಫಿನ್ನಿನ ಎಂಜಿನ್ನಿನ ಒಳಗೆ ಬಿಸಿ ನೀರು ಮಾಡೋದೂ ಇದನ್ನೇ. ಅಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ರೇಡಿಯೇಟರಿನ ತಾಮ್ರ ಹಿತ್ತಾಳೆ ಎಲ್ಲ ಒಂದೇ ನೀರಿನಲ್ಲಿ ನಿಂತಿರುತ್ತವೆ. ಖಾಲಿ ನೀರು ಹಾಕಿದರೆ ಮೊದಲು ಬಲಿಯಾಗೋದು ಅಲ್ಯೂಮಿನಿಯಂ. ಬಿದರಿಯಲ್ಲಿ ಇದು ಕಲೆ, ಎಂಜಿನ್ನಿನಲ್ಲಿ ತೂತು.

ನೀರಿನಿಂದ ಎಂಜಿನ್ ತಣ್ಣಗಿಡೋ ವಿದ್ಯೆ ಕಾರಿನಷ್ಟೇ ಹಳೇದು. 1886ರ ಕಾರ್ಲ್ ಬೆಂಜ್ ಅವರ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗ್ತಿತ್ತು, ಹೋದಷ್ಟು ಮತ್ತೆ ಸುರಿಯಬೇಕು. ಅಂದ್ರೆ ಮೊದಲ ಕಾರಿನಲ್ಲಿ ನೀರು ಖಾಲಿಯಾಗೋದು ರೋಗ ಆಗಿರಲಿಲ್ಲ, ಪದ್ಧತಿ ಆಗಿತ್ತು. 1888ರಲ್ಲಿ ಅವರ ಹೆಂಡತಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರಕ್ಕೂ ಹೆಚ್ಚು ಕಿಲೋಮೀಟರ್, ಆ ಗಾಡಿ ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನಿಂತು ನೀರು ತುಂಬಿಸೋದು ಆ ಪ್ರಯಾಣದ ದೊಡ್ಡ ಕೆಲಸ. 1900ರ ಹೊತ್ತಿಗೆ ವಿಲ್‌ಹೆಲ್ಮ್ ಮೈಬಾಕ್ ಜೇನುಗೂಡಿನ ರೇಡಿಯೇಟರ್ ಮಾಡಿದರು. 35 ಅಶ್ವಶಕ್ತಿಯ ಮೊದಲ ಮರ್ಸಿಡಿಸ್ ಕಾರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಚೌಕ ಕೊಳವೆ ಬೆಸೆದಿದ್ದರು, 9 ಲೀಟರ್ ನೀರು ಸಾಕಾಯಿತು. ಬೆಸುಗೆ ಸಾವಿರಗಟ್ಟಲೆ ಆದ ಮೇಲೆ ಸೋರುವ ಜಾಗವೂ ಸಾವಿರಗಟ್ಟಲೆ, ಅದು ಬೇರೆ ಮಾತು.

ಆಮೇಲೆ ಬಂದದ್ದು ಒತ್ತಡದ ಮುಚ್ಚಳ. ಕುಕ್ಕರಿನ ಲೆಕ್ಕವೇ ಇಲ್ಲೂ. ಬೀದರ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, 98 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಎಂಜಿನ್ ನೀರು 95 ಮುಟ್ಟೋದು ಏನೂ ದೊಡ್ಡದಲ್ಲ. ಮುಚ್ಚಳದ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟರೆ ಕುದಿಯೋ ಬಿಂದು ಮೇಲೆ ಹೋಗುತ್ತೆ, ಪ್ರತಿ ಒಂದು ಪಿಎಸ್‌ಐಗೆ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಎಲ್ಲೋ ಸೋರಿ ಒತ್ತಡ ಬಿತ್ತು ಅಂದ್ರೆ ಅದೇ ನೀರು ತಟ್ಟನೆ ಕುದಿಯುತ್ತೆ. ಅದಕ್ಕೇ ಸಣ್ಣ ಸೋರಿಕೆ ಇರೋ ಕಾರು ಹೊರಗೆ ಹನಿ ಬೀಳಿಸದೆ ಇದ್ದಕ್ಕಿದ್ದ ಹಾಗೆ ಕಾಯೋದು. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ ಅಂತ ಹೇಳೋದೂ ಇದಕ್ಕೇ. ತೆಗೆದ ಕ್ಷಣ ಒಳಗಿನದೆಲ್ಲ ಹಬೆಯಾಗಿ ಮುಖಕ್ಕೆ ಬರುತ್ತೆ. ಗ್ಯಾರೇಜುಗಳಲ್ಲಿ ಮುಖ, ಕೈ ಸುಟ್ಟುಕೊಂಡವರನ್ನು ನೀವೂ ನೋಡಿರಬಹುದು.

ಕೂಲಂಟ್ ಅನ್ನೋದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನ ವಿಜ್ಞಾನಿ ವುರ್ಟ್ಸ್ 1850ರ ದಶಕದಲ್ಲೇ ಅದನ್ನು ತಯಾರಿಸಿದ್ದರು, ಕಾರಿಗೆ ಬಂದದ್ದು 1920ರ ದಶಕದಲ್ಲಿ, ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ. ನಮ್ಮಲ್ಲಿ ಹಿಮ ಎಲ್ಲಿದೆ, ನಮಗ್ಯಾಕೆ ಅಂತ ಕೇಳ್ತಾರೆ. ಕೂಲಂಟ್ ಹಾಕಿದ್ರೆ ಎಂಜಿನ್ ಹೆಚ್ಚು ತಣ್ಣಗಿರುತ್ತೆ ಅನ್ನೋರೂ ಇದ್ದಾರೆ. ನಿಜ ಹೇಳಬೇಕಂದ್ರೆ ಶಾಖ ಹೊರೋದರಲ್ಲಿ ಖಾಲಿ ನೀರೇ ಮೇಲು. ಕೂಲಂಟ್ ಬೇಕಾಗಿರೋದು ಅದರಲ್ಲಿ ತುಕ್ಕು ತಡೆಯೋ ರಾಸಾಯನಿಕ ಬೆರೆಸಿರುತ್ತಾರಲ್ಲ, ಅದಕ್ಕೆ. ಕುದಿಯೋ ಬಿಂದುವೂ ಸ್ವಲ್ಪ ಏರುತ್ತೆ. ಆ ರಾಸಾಯನಿಕ ಹಳೇ ಬಗೆಯ ಹಸಿರು ಕೂಲಂಟಿನಲ್ಲಿ ಎರಡು ಮೂರು ವರ್ಷಕ್ಕೆ ಸತ್ತು ಹೋಗುತ್ತೆ. ಆಮೇಲೆ ಬಣ್ಣ ಇರುತ್ತೆ, ಕೆಲಸ ಇರೋದಿಲ್ಲ.

ಇನ್ನು ನಮ್ಮ ನೀರು. ಬೀದರ ಊರು, ಕೋಟೆ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರ ಕೆಳಗೆ ದಖ್ಖನಿನ ಕರಿಕಲ್ಲು. ಇವೆರಡೂ ಕೂಡುವ ಕಡೆ ನೀರು ಜಿನುಗುತ್ತೆ. ನೌಬಾದಿನ ಕರೇಜ್, ಅದೇ ಸುರಂಗ ಬಾವಿ, 15ನೇ ಶತಮಾನದ ಬಹಮನಿ ಕಾಲದಲ್ಲಿ ಆ ಜಿನುಗನ್ನೇ ನಂಬಿ ತೋಡಿದ್ದು. ಕಲ್ಲು ಎಲ್ಲಿ ಸೋರುತ್ತೆ ಅಂತ ಹುಡುಕಿ ಊರಿಗೆ ನೀರು ತಂದವರ ಊರು ನಮ್ಮದು! ಅದಿರಲಿ. ಭಾಲ್ಕಿ, ಔರಾದ ಕಡೆ ಹೋದರೆ ಕಪ್ಪು ಮಣ್ಣು, ಕರಿಕಲ್ಲು. ಅಲ್ಲಿನ ಬೋರ್ ನೀರಿನಲ್ಲಿ ಸುಣ್ಣ, ಮೆಗ್ನೀಸಿಯಂ ಕರಗಿರುತ್ತೆ. ಮನೆಯ ಗೀಸರಿನಲ್ಲಿ, ನೀರು ಕಾಸೋ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ರೇಡಿಯೇಟರಿನ ಸೂಜಿ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ದಾರಿಯಲ್ಲಿ ನೀರು ಕಮ್ಮಿಯಾಯ್ತು, ಹೊಲದ ಪಂಪ್‌ಸೆಟ್ಟಿನಿಂದ ಒಂದು ಬಾಟಲಿ ಹಿಡಿದು ಸುರಿ. ಹೀಗೆ ಹತ್ತು ವರ್ಷ ಮಾಡಿದರೆ ಒಳಗೆ ಕಲ್ಲು ಬೆಳೆಯುತ್ತೆ. ರಿಲಯಂಟ್ ಎಂಜಿನ್ನಿನಲ್ಲಿ ಬ್ಲಾಕಿನ ಹಿಂಭಾಗದಲ್ಲಿ ಈ ರಾಡಿ ಕೂಡಿಕೊಳ್ಳೋದು ಬ್ರಿಟನ್ನಿನಲ್ಲೂ ಹಳೇ ದೂರು, ನಮ್ಮ ನೀರಿಗೆ ಅದು ಇನ್ನೂ ಬೇಗ.

ಕಾಕಾ ಅವರ ಕಾರನ್ನು ನಾವು ಬೀದರದ ಒಬ್ಬ ಹಳೇ ಉಸ್ತಾದರ ಹತ್ತಿರ ತಂದೆವು. ಎಪ್ಪತ್ತು ದಾಟಿದವರು, ಫಿಯಟ್, ಅಂಬಾಸಿಡರ್ ಕಾಲದ ಕೈ. ಡಾಲ್ಫಿನ್ ನೋಡಿ ಅವರು ಮೊದಲು ಮಾಡಿದ್ದು ಏನೂ ಇಲ್ಲ. ಬಾನೆಟ್ ತೆಗೆದು ಬೀಡಿ ಹಚ್ಚಿಕೊಂಡು ಕೂತರು.

"ಚಾಚಾ, ಚಾಲೂ ಮಾಡ್ಲಾ?" ಅಂದೆ.

"ಬ್ಯಾಡ. ಆರಲಿ. ಬಿಸಿ ಇದ್ದಾಗ ಸೋರಿದ್ದು ಅಲ್ಲೇ ಒಣಗ್ತದ, ಎಲ್ಲಿಂದ ಬಂತು ತಿಳಿಯಂಗಿಲ್ಲ. ತಣ್ಣಗಿದ್ದಾಗ ಕೇಳಬೇಕು ಗಾಡಿನ."

ತಣ್ಣಗಾದ ಮೇಲೆ ರೇಡಿಯೇಟರ್ ಬಾಯಿ ತನಕ ನೀರು ತುಂಬಿಸಿ, ಮುಚ್ಚಳದ ಜಾಗಕ್ಕೆ ಒಂದು ಕೈಪಂಪು ಕೂರಿಸಿದರು. ಸೈಕಲ್ ಪಂಪಿನ ಹಾಗೇ, ಜೊತೆಗೆ ಒಂದು ಮುಳ್ಳಿನ ಮೀಟರ್. ಮುಚ್ಚಳದ ಮೇಲೆ ಎಷ್ಟು ಒತ್ತಡ ಬರೆದಿದೆಯೋ ಅಷ್ಟೇ ಹೊಡೀಬೇಕು, ಹುರುಪಿನಲ್ಲಿ ಹೆಚ್ಚು ಹೊಡೆದರೆ ಹಳೇ ರೇಡಿಯೇಟರ್ ಬಾಯಿ ಬಿಡುತ್ತೆ. ಮುಳ್ಳು ನಿಂತರೆ ಸರಿ, ಇಳಿದರೆ ಎಲ್ಲೋ ಸೋರುತ್ತಿದೆ. ಮುಳ್ಳು ಇಳೀತು. ನಿಧಾನಕ್ಕೆ, ಆದರೆ ಇಳೀತು.

ಆಮೇಲೆ ಟಾರ್ಚು, ಸಣ್ಣ ಕನ್ನಡಿ, ಬಿಳಿ ಕಾಗದ. ಕೆಳಗಿನ ಹೋಸ್ ಪೈಪಿನ ಕ್ಲಿಪ್ ಅಡಿಯಲ್ಲಿ ರಬ್ಬರ್ ಸೀಳಿತ್ತು, ಹಿಂಡಿದರೆ ಬಿಸ್ಕತ್ತಿನ ಹಾಗೆ ಕಟಕಟ ಅನ್ನುತ್ತಿತ್ತು. ಒಂದು ಸಿಕ್ಕಿತು. ನೀರಿನ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತೆ, ಬೇಕಂತಲೇ ಬಿಟ್ಟಿರೋದು. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ, ನಮಗೆ ಸುದ್ದಿ ಮುಟ್ಟಲಿ ಅಂತ. ಆ ತೂತಿನ ಕೆಳಗೆ ಬಿಳಿ ಉಪ್ಪಿನ ಗೀರು. ಎರಡು ಸಿಕ್ಕಿತು. ತಿಳಿಯದವರು ಆ ತೂತಿಗೆ ಎಂ-ಸೀಲ್ ಮೆತ್ತುತ್ತಾರೆ. ಡಾಕ್ಟರ್ ಬಾಯಿಗೆ ಪ್ಲಾಸ್ಟರ್ ಅಂಟಿಸಿದ ಹಾಗೆ.

ಹೋಸ್ ಬದಲಾಯಿಸಿದರು, ಪಂಪಿಗೆ ಬೇರೆ ಗಾಡಿಯ ಬೇರಿಂಗ್, ಸೀಲ್ ಅಳತೆ ಹೊಂದಿಸಿ ಕೂರಿಸಿದರು. ಕಾಕಾಗೆ ಖುಷಿ, ಚಹಾ ತರಿಸಿದರು. ಉಸ್ತಾದರು ಮತ್ತೆ ಪಂಪು ಹೊಡೆದರು. ಮುಳ್ಳು ಮತ್ತೆ ಇಳೀತು. ಈ ಸಲ ಹೊರಗೆ ಎಲ್ಲೂ ಹನಿ ಇಲ್ಲ.

"ಮಾಸ್ತರ್ರೇ, ಹೊರಗ ಕಾಣಲಿಲ್ಲ ಅಂದ್ರ ಒಳಗ ಕುಡೀಲಿಕ್ಕತ್ತದ," ಅಂದರು.

ಇಲ್ಲಿ ಬಹಳ ಜನ ಕೈ ಬಿಡ್ತಾರೆ. ಹೊರಗಿನ ಸೋರಿಕೆ ಒಂದು ಸಿಕ್ಕಿದರೆ ಅದೇ ಕಾರಣ ಅಂತ ಗಾಡಿ ಕೊಟ್ಟು ಕಳಿಸ್ತಾರೆ. ಹಳೇ ಗಾಡಿಯಲ್ಲಿ ಸೋರಿಕೆ ಒಂದೇ ಇರಬೇಕು ಅಂತ ಯಾರು ಹೇಳಿದ್ದು? ಒಂದನ್ನು ಮುಚ್ಚಿದರೆ ಒತ್ತಡ ಪೂರ್ತಿ ನಿಂತು ಇನ್ನೊಂದು ಬಾಯಿ ಬಿಡುತ್ತೆ. ಮುಳ್ಳು ನಿಲ್ಲೋ ತನಕ ಕೆಲಸ ಮುಗಿದಿಲ್ಲ.

ಆಯಿಲ್ ಕಡ್ಡಿ ಎಳೆದು ನೋಡಿದರು. ನೀರು ಎಂಜಿನ್ ಆಯಿಲಿಗೆ ಸೇರಿದ್ದರೆ ಅದು ಮಜ್ಜಿಗೆ ಬೆರೆಸಿದ ಹಾಗೆ ಕಾಣುತ್ತೆ. ಇಲ್ಲಿ ಕಪ್ಪಗೆ ಚೆನ್ನಾಗಿತ್ತು. ಅಂದ್ರೆ ಲೈನರಿನ ಬುಡದ ಸೀಲ್ ಗಟ್ಟಿ ಇದೆ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ ಸಾಲಾಗಿ ಇಟ್ಟರು. ಮೂರು ಕಂದು ಬಣ್ಣ. ಮೂರನೇ ಸಿಲಿಂಡರಿಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಹಬೆ ದಿನಾ ತೊಳೀತಿದ್ದರೆ ಹಾಗಾಗುತ್ತೆ. ಖಾತ್ರಿಗೆ ಅಂತ ಒತ್ತಡ ಹೊಡೆದು, ಪ್ಲಗ್ ಇಲ್ಲದೆ ರಾತ್ರಿ ಬಿಟ್ಟು, ಬೆಳಿಗ್ಗೆ ಇಗ್ನಿಷನ್ ತಂತಿ ಕಳಚಿ ಸೆಲ್ಫ್ ಹೊಡೆದರು. ಮೂರನೇ ತೂತಿನಿಂದ ಪಿಚಕಾರಿ ಹಾಗೆ ನೀರು ಚಿಮ್ಮಿತು. ದೊಡ್ಡ ಗ್ಯಾರೇಜುಗಳಲ್ಲಿ ಇದಕ್ಕೆ ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಎಳೀತಾರೆ, ಸಿಲಿಂಡರಿನ ಹೊಗೆ ನೀರಿಗೆ ಸೇರಿದ್ದರೆ ನೀಲಿ ಹೋಗಿ ಹಳದಿ ಆಗುತ್ತೆ. ಉಸ್ತಾದರಿಗೆ ಪಿಚಕಾರಿ ಸಾಕಾಯಿತು.

ಹೆಡ್ ಎತ್ತಿದಾಗ ಕಂಡದ್ದು ನಾನು ಮರೆಯೋದಿಲ್ಲ. ನೀರಿನ ದಾರಿಯ ಅಂಚಿನ ಅಲ್ಯೂಮಿನಿಯಂ ಇಲಿ ಕಡಿದ ರೊಟ್ಟಿ ಹಾಗೆ ತಿಂದು ಹೋಗಿತ್ತು. ಆ ಕಚ್ಚು ಮೂರನೇ ಸಿಲಿಂಡರಿನ ಗ್ಯಾಸ್ಕೆಟ್ ಉಂಗುರದ ಕೆಳಗೆ ತನಕ ಬಂದಿತ್ತು. ಬಿದರಿಯ ಮಾತು ಹೇಳಿದ್ದೆನಲ್ಲ, ಕಬ್ಬಿಣದ ಲೈನರ್ ಹಾಗೇ ಇತ್ತು, ಅಲ್ಯೂಮಿನಿಯಂ ಮಾತ್ರ ಹೋಗಿತ್ತು. ಇದಕ್ಕೆ ಕಾರು ಮಾಡಿದವರನ್ನು ದೂರೋ ಹಾಗಿಲ್ಲ, ನಲವತ್ತು ವರ್ಷದ ವಯಸ್ಸು, ಕೈ ಬದಲಾದ ಮಾಲೀಕರು, ಬೋರ್ ನೀರು. ರೇಡಿಯೇಟರ್ ಬಿಚ್ಚಿದಾಗ ಒಳಗಿಂದ ಹಳದಿ ಕೆಸರು ಬಂತು. ಅರಿಶಿನ! ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕೋದು ನಮ್ಮ ದೇಶದ ಡ್ರೈವರುಗಳ ಹಳೇ ಮದ್ದು, ಬೇರೆ ದೇಶಗಳಲ್ಲಿ ಮೊಟ್ಟೆಯ ಬಿಳಿಭಾಗ, ಮೆಣಸಿನ ಪುಡಿ ಹಾಕ್ತಾರೆ. ಪುಡಿ ಸೋರುವ ತೂತಿಗೆ ಹೋಗಿ ಕೂರುತ್ತೆ, ಊರು ಮುಟ್ಟಿಸುತ್ತೆ. ಅದನ್ನು ನಾನು ಬೈಯೋದಿಲ್ಲ, ರಾತ್ರಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ಬೇರೆ ದಾರಿ ಏನಿದೆ? ಆದರೆ ಊರು ಮುಟ್ಟಿದ ಮೇಲೆ ತೊಳೀಬೇಕು. ಪುಡಿಗೆ ತೂತು ಯಾವುದು, ಕೊಳವೆ ಯಾವುದು ಅಂತ ಗೊತ್ತಿರೋದಿಲ್ಲ, ಎಲ್ಲಾ ಕಡೆ ಕೂರುತ್ತೆ.

ರಿಪೇರಿಯಲ್ಲಿ ಎರಡು ಮಾತು ಹೇಳಲೇಬೇಕು. ಹೆಡ್ ಎತ್ತಿದ ಮೇಲೆ ಉಸ್ತಾದರು ಲೈನರುಗಳ ನೆತ್ತಿಗೆ ಪಟ್ಟಿ ಇಟ್ಟು ಬೋಲ್ಟ್ ಬಿಗಿದರು, ಯಾರೂ ಎಂಜಿನ್ ತಿರುಗಿಸಬ್ಯಾಡ್ರಿ ಅಂತ ಚೀಟಿ ಅಂಟಿಸಿದರು. ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಮೇಲೆದ್ದು ಬುಡದ ಸೀಲ್ ಹೋಗುತ್ತೆ, ಆಗ ಅರ್ಧ ಕೆಲಸ ಹೋಗಿ ಪೂರ್ತಿ ಎಂಜಿನ್ ಬಿಚ್ಚೋ ಕೆಲಸ ಆಗುತ್ತೆ. ಲೈನರಿನ ಅಂಚು ಬ್ಲಾಕಿಗಿಂತ ಕೂದಲೆಳೆಯಷ್ಟು ಎತ್ತರ ನಿಂತಿರಬೇಕು, ಆ ಎತ್ತರವೇ ಗ್ಯಾಸ್ಕೆಟ್ಟನ್ನು ಕಚ್ಚಿ ಹಿಡಿಯೋದು. ಅದನ್ನು ನಾಲ್ಕೂ ಕಡೆ ಅಳೆದರು.

ಹೆಡ್ ಹೈದರಾಬಾದಿಗೆ ಹೋಯಿತು. ತಿಂದು ಹೋದ ಜಾಗಕ್ಕೆ ಆರ್ಗಾನ್ ವೆಲ್ಡಿಂಗಿನಲ್ಲಿ ಅಲ್ಯೂಮಿನಿಯಂ ತುಂಬಿ, ಮುಖ ಸಮತಟ್ಟು ಮಾಡಿಸಿ ತಂದೆವು. ಗ್ಯಾಸ್ಕೆಟ್ ಸಮುದ್ರ ದಾಟಿ ಬಂತು. ಬ್ರಿಟನ್ನಿನಲ್ಲಿ ಈ ಎಂಜಿನ್ನಿನ ಅಭಿಮಾನಿ ಸಂಘಗಳು ಇವತ್ತಿಗೂ ಇವೆ, ಮಿಸ್ಟರ್ ಬೀನ್ ಉರುಳಿಸಿದ ಗಾಡಿಯ ಪ್ರೀತಿಗೆ ಸಾಮಾನು ಮಾಡೋರೂ ಇದ್ದಾರೆ. ಭಾಲ್ಕಿಯ ಡಾಲ್ಫಿನ್ ಉಳಿದದ್ದು ಆ ನಗೆಪಾಟಲಿನ ಮೂರು ಚಕ್ರದ ಬಂಧುಗಳಿಂದ.

ರೇಡಿಯೇಟರ್ ಕೆಲಸ ಮಾತ್ರ ನಮ್ಮೂರಲ್ಲೇ ಆಯಿತು. ತಾಮ್ರ ಹಿತ್ತಾಳೆಯದು, ಬಿಚ್ಚಬಹುದು, ಕಡ್ಡಿ ತೂರಿಸಿ ತೊಳೀಬಹುದು, ಟಾಂಕಾ ಹಾಕಬಹುದು. ಹೊಸ ಕಾರುಗಳ ರೇಡಿಯೇಟರ್ ಅಲ್ಯೂಮಿನಿಯಂ, ತಲೆ ಪ್ಲಾಸ್ಟಿಕ್, ಹೋದರೆ ಎಸೆದು ಬೇರೆ ಹಾಕೋದು. ಹಾಗಾಗಿ ಟಾಂಕಾ ಹಾಕೋ ಕೈಗಳು ಕಮ್ಮಿಯಾಗ್ತಾ ಇವೆ. ನಮಗೆ ಮಾಡಿಕೊಟ್ಟವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನೂ ಬೆಸುಗೆ ಹಾಕ್ತಾನೆ, ಆದರೆ ಫೋನಿನ ಬೋರ್ಡಿಗೆ!

ಜೋಡಿಸುವಾಗ ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿದರು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತಣ್ಣಗಿನ ಎಂಜಿನ್ನಿನಲ್ಲಿ ಮತ್ತೊಮ್ಮೆ ನೋಡಿದರು. ಒಳಗೆ ಡಿಸ್ಟಿಲ್ಡ್ ನೀರು, ಅಲ್ಯೂಮಿನಿಯಂಗೆ ಸರಿಹೋಗುವ ಕೂಲಂಟ್, ಅರ್ಧಕ್ಕೆ ಅರ್ಧ. ಮೊದಲ ದಿನ ಉಸ್ತಾದರು ಪಂಪು ಹೊಡೆದು ಮೀಟರ್ ಕಾಕಾ ಅವರ ಕೈಗೇ ಕೊಟ್ಟರು.

"ಮಾಸ್ತರ್ರೇ, ನೀವೇ ನೋಡ್ರಿ. ಮುಳ್ಳು ಅಲ್ಲಾಡಿದ್ರ ರೊಕ್ಕ ಕೊಡಬ್ಯಾಡ್ರಿ."

ಕಾಕಾ ಅರ್ಧ ಗಂಟೆ ಅದನ್ನು ಹಿಡಿದು ಕೂತಿದ್ದರು. ರೊಕ್ಕ ಕೊಟ್ಟರು. ಭಂಗಾರದವನಿಗೆ ಫೋನ್ ಮಾಡಿ ಬರಬೇಡ ಅಂದರು. ಖರ್ಚಾದ ಹಣಕ್ಕೆ ಒಳ್ಳೇ ಸೆಕೆಂಡ್ ಹ್ಯಾಂಡ್ ಬೈಕ್ ಬರ್ತಿತ್ತು ಅಂತ ಕಾಕೂ ಇವತ್ತಿಗೂ ಹೇಳ್ತಾರೆ, ಅವರ ಲೆಕ್ಕ ತಪ್ಪಿಲ್ಲ.

ಕೇಳ್ತಿರೋ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೇ ಗಾಡಿ ಇದ್ದು, ಕೂಲಂಟ್ ಬದಲಾಯಿಸೋರಿದ್ದರೆ ಒಂದು ಮಾತು. ತೆಗೆದ ಹಳೇ ಕೂಲಂಟನ್ನು ಅಂಗಳಕ್ಕೆ, ಗಟಾರಿಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಸಣ್ಣ ಮಕ್ಕಳೂ ಬಣ್ಣ ನೋಡಿ ಶರಬತ್ತು ಅಂದುಕೊಳ್ತಾರೆ, ಮೂತ್ರಪಿಂಡಕ್ಕೇ ಹೊಡೆತ. ತಂಪು ಪಾನೀಯದ ಬಾಟಲಿಯಲ್ಲಂತೂ ತುಂಬಿಡಲೇಬೇಡಿ. ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹಳೇ ಆಯಿಲ್ ಒಯ್ಯುವ ಗ್ಯಾರೇಜಿನವರನ್ನು ಕೇಳಿ ಅವರಿಗೇ ಕೊಡಿ. ಕಾಕಾ ಅವರ ಅಂಗಳದಲ್ಲಿ ಎಮ್ಮೆ ಇವೆ ಅಂದೆನಲ್ಲ, ನಾವು ಆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೆವು.